ಬಲಕ್ಕೆ ನೋಡುವ ಗಿಳಿ

ಮರದಚ್ಚಿನಿಂದ ಸೀರೆಗೆ ಹೂಬಳ್ಳಿ ಒತ್ತಿ ಹೊಟ್ಟೆ ಹೊರೆಯುತ್ತಿದ್ದ ದ್ಯಾವಮ್ಮನಿಗೆ ಒಬ್ಬನೇ ಮಗ, ಚಿಕ್ಕೀರ. ಅಚ್ಚು ಕೆತ್ತಲು ಕೂತರೆ ಕೈ ಚುರುಕು, ತಲೆ ಮಾತ್ರ ಮಂದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವಳ ಗೋಳು.

ಗೌಡರ ಮನೆಯಲ್ಲಿ ಮದುವೆ ಬಂತು. ಆ ಮನೆಯ ಅಜ್ಜಿ ಪುಟ್ಟತಾಯಮ್ಮ ಬಂದು, "ಮೊಮ್ಮಗಳ ಸೀರೆ ತುಂಬಾ ಗಿಳಿ ಇರಬೇಕು ಕಣೇ. ನಮ್ಮನೆ ಗಿಳಿ ಬಲಕ್ಕೇ ನೋಡಬೇಕು. ಎಡಕ್ಕೆ ನೋಡ್ತೋ, ಈ ಊರಲ್ಲಿ ನಿಂಗೆ ಯಾರೂ ಕೆಲಸ ಕೊಡದ ಹಾಗೆ ಮಾಡ್ತೀನಿ!" ಅಂದಳು.

"ಹಿತ್ತಲ ಸೀಬೆ ಮರದಲ್ಲಿ ಗಿಳಿ ಕೂತಿದೆ. ಅದು ಹೇಗಿದ್ಯೋ ಹಾಗೇ ಕೆತ್ತೋ," ಅಂದಳು ದ್ಯಾವಮ್ಮ. ಗಿಳಿ ಬಲಕ್ಕೆ ನೋಡುತ್ತಿತ್ತು. ಹಾಗೇ ಕೆತ್ತಿದ. ಕೊಕ್ಕು, ಪುಕ್ಕ, ಕಚ್ಚಿದ ಸೀಬೆಕಾಯಿ, ಒಂದೂ ಬಿಡಲಿಲ್ಲ. ಸೀರೆಗೆ ಒತ್ತಿದರೆ ಗಿಳಿ ಎಡಕ್ಕೆ ತಿರುಗಿ ಕೂತಿತು!

"ಅಯ್ಯೋ ಪೆದ್ದು ಮುಂಡೇದೇ! ಅಚ್ಚಿನ ಕೆಲಸದಲ್ಲಿ ಮೊದಲೇ ತಿರುಗಿಸಿ ಹಿಡೀಬೇಕು ಕಣೋ!"

"ಆಗಲಮ್ಮ, ಇನ್ಮೇಲೆ ಹಾಗೇ ಮಾಡ್ತೀನಿ."

ಬಣ್ಣ ತರಲು ಕಳಿಸಿದಳು. ಮಡಕೆಯನ್ನು ತಿರುಗಿಸಿ ಹಿಡಿದು ಬಂದ. ದಾರಿಯೆಲ್ಲಾ ಹಸಿರು, ಮಡಕೆ ಖಾಲಿ.

"ಅಯ್ಯೋ ಪೆದ್ದು ಮುಂಡೇದೇ! ಬುಟ್ಟೀಲಿ ಕೂರಿಸಿ, ಮೇಲೊಂದು ಬುಟ್ಟಿ ಮುಚ್ಚಿ, ತಲೆ ಮೇಲೆ ಹೊತ್ತು ತರಬೇಕು ಕಣೋ!"

"ಆಗಲಮ್ಮ, ಇನ್ಮೇಲೆ ಹಾಗೇ ಮಾಡ್ತೀನಿ."

ಸೀರೆಯೂ ಕೆಟ್ಟಿತು, ಬಣ್ಣವೂ ಹೋಯಿತು. ಇನ್ನು ಅಜ್ಜಿಯ ಕಾಲಿಗೆ ಬೀಳುವುದೊಂದೇ ದಾರಿ ಎಂದು, ದ್ಯಾವಮ್ಮ ಅವಳನ್ನು ಕರೆತರಲು ಮಗನನ್ನೇ ಕಳಿಸಿದಳು. ಅವನು ಅಜ್ಜಿಯನ್ನು ಬುಟ್ಟಿಯಲ್ಲಿ ಕೂರಿಸಿ, ಮೇಲೊಂದು ಬುಟ್ಟಿ ಮುಚ್ಚಿ, ತಲೆ ಮೇಲೆ ಹೊತ್ತು ತಂದ. ದಾರಿಯುದ್ದಕ್ಕೂ ಬುಟ್ಟಿಯೊಳಗಿಂದ ಬೈಗುಳ.

"ಅಯ್ಯೋ ಪೆದ್ದು ಮುಂಡೇದೇ! ದೊಡ್ಡೋರು ಬಂದ್ರೆ ಏನಾದ್ರೂ ಹಾಸಿ ಕೂರಿಸಬೇಕು ಕಣೋ!"

"ಆಗಲಮ್ಮ," ಅಂದವನೇ ಕೈಗೆ ಸಿಕ್ಕಿದ್ದನ್ನು ಹಾಸಿ ಅಜ್ಜಿಯನ್ನು ಕೂರಿಸಿದ. ಸಿಕ್ಕಿದ್ದು ಗಿಳಿಯ ಸೀರೆ, ಬಣ್ಣ ಇನ್ನೂ ಆರಿರಲಿಲ್ಲ.

ಅಜ್ಜಿ ದಡಕ್ಕನೆ ಎದ್ದಳು. ಅವಳ ಬಿಳಿ ಸೀರೆಯ ಹಿಂದೆ ಹಸಿರು ಗಿಳಿ! ದ್ಯಾವಮ್ಮ ಕಣ್ಣು ಮುಚ್ಚಿಕೊಂಡಳು. ಅಜ್ಜಿ ಸೀರೆ ಎಳೆದು ನೋಡಿಕೊಂಡಳು. ಗಿಳಿ ಬಲಕ್ಕೆ ನೋಡುತ್ತಿತ್ತು.

"ಇದೇ ಕಣೇ ನಮ್ಮನೆ ಗಿಳಿ! ಮೊಮ್ಮಗಳ ಸೀರೆಗೂ ಹೀಗೇ ಬರಬೇಕು," ಎಂದು ನಗುತ್ತಾ ಹೋದಳು. ದ್ಯಾವಮ್ಮನಿಗೆ ಹೋದ ಜೀವ ಬಂದಂತಾಯಿತು.

"ಕೇಳಿಸ್ತೇನೋ? ಅಜ್ಜಿ ಸೀರೆಗೆ ಹೇಗೆ ಬಂತೋ ಹಾಗೇ ಮಾಡು. ಬೇರೆ ಏನೂ ಮಾಡಬೇಡ!"

"ಆಗಲಮ್ಮ, ಹಾಗೇ ಮಾಡ್ತೀನಿ."

ಹೊಸ ಬಣ್ಣ ಕಲಸಿಟ್ಟು ಅವಳು ನೆಮ್ಮದಿಯಾಗಿ ಮಲಗಿದಳು. ಬೆಳಿಗ್ಗೆ ಎದ್ದರೆ ಮಗನಿಲ್ಲ, ಅಚ್ಚಿಲ್ಲ, ಬಣ್ಣವಿಲ್ಲ. ಎದ್ದೆನೋ ಬಿದ್ದೆನೋ ಎಂದು ಗೌಡರ ಮನೆಗೆ ಓಡಿದಳು. ಚಪ್ಪರದಡಿ, ನೆಂಟರೆಲ್ಲರ ಮುಂದೆ, ಹಸಿ ಗಿಳಿಗಳ ಬಟ್ಟೆ ಹಾಸಿ, ಚಿಕ್ಕೀರ ಮದುಮಗಳಿಗೆ ಕೈಮುಗಿದು ಹೇಳುತ್ತಿದ್ದ:

"ಬಾ ತಾಯಿ, ಕೂತ್ಕೋ. ಸೆರಗಿಗೂ ಗಿಳಿ ಬೇಕಂದ್ರೆ ಆಮೇಲೆ ಸ್ವಲ್ಪ ಹೊರಳಾಡು!"