ಕುಡಿದು ತೋರಿಸಿದ ನೀರು

"ಗುರುಗಳೇ, ಭೂಮಿಯಂತೆ ಎಲ್ಲವನ್ನೂ ತಾಳಿಕೊಳ್ಳಬೇಕು ಎನ್ನುತ್ತಾರೆ. ತಾಳ್ಮೆಗಿಂತ ದೊಡ್ಡ ಗುಣ ಉಂಟೇ?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ವ್ಯಾಪಾರಿ ಹಳೆಯ ಬ್ಯಾಟರಿಗಳನ್ನು ಒಡೆದು, ಸೀಸ ಕರಗಿಸಿ ಮಾರುತ್ತಿದ್ದ. ಒಡೆದಾಗ ಸೋರುವ ವಿಷದ ನೀರನ್ನು ಬಕೆಟ್‌ಗಟ್ಟಲೆ ಹಿತ್ತಿಲ ಗುಂಡಿಗೆ ಸುರಿಯುತ್ತಿದ್ದ. ಹಿತ್ತಿಲ ಕೆಳಗಿನ ಇಳಿಜಾರಿನಲ್ಲೇ ಒಬ್ಬ ಮುದುಕಿಯ ಸೊಪ್ಪಿನ ಮಡಿಗಳಿದ್ದವು. ಗುಂಡಿ ತುಂಬಿ ಮಡಿಗೆ ಹರಿಯುವುದನ್ನು ಕಂಡು ಅವಳಿಗೆ ಮೈ ಉರಿಯಿತು. ಊರ ಹಿರಿಯರಿಗೆ ದೂರು ಕೊಟ್ಟಳು.

ಹಿರಿಯರು ಬಂದರು. ವ್ಯಾಪಾರಿ ಮುದುಕಿಯ ಬಾವಿಯಿಂದಲೇ ಒಂದು ಚೊಂಬು ನೀರು ಸೇದಿ, ಎಲ್ಲರೆದುರು ಗಟಗಟನೆ ಕುಡಿದು ಮೀಸೆ ಒರೆಸಿಕೊಂಡ. ಭೂಮಿತಾಯಿ ಎಷ್ಟು ಸುರಿದರೂ ತಾಳಿಕೊಳ್ಳುತ್ತಾಳೆ, ಈ ಅಜ್ಜಿಗೇ ತಾಳ್ಮೆಯಿಲ್ಲ ಎಂದ. ಹಿರಿಯರು ತಲೆದೂಗಿ ಮನೆಗೆ ಹೋದರು. ಮುದುಕಿಯೂ ತನ್ನದೇ ತಪ್ಪಿರಬೇಕೆಂದುಕೊಂಡು ಮಡಿಯ ಸೊಪ್ಪನ್ನು ಎಂದಿನಂತೆ ಬೇಯಿಸಿ ಮನೆಯವರಿಗೆ ಬಡಿಸುತ್ತಾ ಬಂದಳು.

ವರ್ಷ ಕಳೆಯುವುದರೊಳಗೆ ಅವಳ ಪುಟ್ಟ ಮೊಮ್ಮಗಳು ಹೊಟ್ಟೆನೋವೆಂದು ಹಾಸಿಗೆ ಹಿಡಿದಳು. ಮಗುವಿನ ರಕ್ತದಲ್ಲಿ ಸೀಸ ಸೇರಿದೆ ಎಂದರು ವೈದ್ಯರು. ಮಣ್ಣು ಪರೀಕ್ಷೆ ಬಲ್ಲವನೊಬ್ಬ ಬಂದು ಮಡಿಯ ಮಣ್ಣನ್ನು ನೋಡಿದ. ಬಾವಿಯ ನೀರು ಶುದ್ಧವಾಗಿದ್ದುದು ನಿಜ. ಏಕೆಂದರೆ ಸೀಸವನ್ನು ನೀರಿಗೆ ಬಿಡದೆ ಮಣ್ಣು ತನಗೇ ಅಂಟಿಸಿಕೊಂಡಿತ್ತು. ಆ ಮಣ್ಣಿನಲ್ಲೇ ಸೊಪ್ಪು ಬೇರು ಬಿಟ್ಟಿತ್ತು. ಮೊದಲು ಸುರಿಯುವುದು ನಿಲ್ಲಬೇಕು, ಆಮೇಲೆ ಸುಣ್ಣವನ್ನೂ ಚೆನ್ನಾಗಿ ಕೊಳೆತ ಗೊಬ್ಬರವನ್ನೂ ಬೆರೆಸಿದರೆ ಸೀಸ ಬೇರಿಗೆ ಅಷ್ಟು ಸುಲಭವಾಗಿ ಸಿಗದು, ಆದರೂ ಇಲ್ಲಿ ಇನ್ನು ಸೊಪ್ಪು ಬೆಳೆಯಬಾರದು ಎಂದು ಅವನು ಹೇಳಿದ.

ನನ್ನ ಕೈಯಾರೆ ಉಣಿಸಿದೆನಲ್ಲ ಎಂದು ಮುದುಕಿ ಅತ್ತಳು. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಒಂದು ಕಟ್ಟು ಸೊಪ್ಪು ಕಿತ್ತು, ಬೇಯಿಸಿ, ಒಗ್ಗರಣೆ ಹಾಕಿ, ತಟ್ಟೆಯಲ್ಲಿ ಹಿಡಿದುಕೊಂಡು ಹಿರಿಯರ ಜೊತೆ ವ್ಯಾಪಾರಿಯ ಬಾಗಿಲಿಗೆ ಹೋದಳು.

"ಅವತ್ತು ನೀರು ಕುಡಿದೆಯಲ್ಲಪ್ಪ, ಇವತ್ತು ಇದನ್ನು ಉಣ್ಣು" ಎಂದಳು.

"ಇವತ್ತು ನನಗೆ ಉಪವಾಸ" ಎಂದ ವ್ಯಾಪಾರಿ.

ನಾಚಿಕೆಗೆಟ್ಟವನಿಗೆ ಎಲ್ಲ ಮೊದಲೇ ಗೊತ್ತಿತ್ತು. ಹಿರಿಯರಿಗೆ ಆಗ ಕಣ್ಣು ತೆರೆಯಿತು, ಗುಂಡಿ ಮುಚ್ಚಿಸಿದರು. ಮುದುಕಿಯ ಮಡಿಗಳು ಇಂದಿಗೂ ಪಾಳು ಬಿದ್ದಿವೆ. ಮೊಮ್ಮಗಳು ಇನ್ನೂ ಔಷಧಿ ಕುಡಿಯುತ್ತಿದ್ದಾಳೆ.

ಇಷ್ಟು ಹೇಳಿ ಗುರುಗಳು ಶಿಷ್ಯನ ಕಡೆ ತಿರುಗಿದರು. "ಭೂಮಿಯ ತಾಳ್ಮೆಯನ್ನು ಯಾರಾದರೂ ಹೊಗಳಿದರೆ, ಮೊದಲು ಅವನ ಕೈಯಲ್ಲಿ ಬಕೆಟ್ ಇದೆಯೇ ನೋಡು."