ಉಬ್ಬೆಯ ಹೊಗೆ

“ಹೊಗೆ ಎಬ್ಬಿಸಿದವನೇ ಸುಂಕ ಕೊಡಲಿ ಎಂದರೆ ಅದರಲ್ಲಿ ಅನ್ಯಾಯವೇನಿದೆ, ಗುರುಗಳೇ?” ಎಂದು ಶಿಷ್ಯ ಕೇಳಿದ.

ಗುರುಗಳಿಗೆ ಪ್ರಶ್ನೆ ಬಹಳ ಹಿಡಿಸಿತು. ಕಾಲು ಮಡಚಿ ಕೂತು ಹೇಳತೊಡಗಿದರು.

ಒಬ್ಬ ಅರಸನಿದ್ದ. ಅವನ ಊರಿನಲ್ಲಿ ಹೊಗೆ ಹೆಚ್ಚಾಗಿ ಮಕ್ಕಳು ಕೆಮ್ಮುತ್ತಿದ್ದವು. ಸುಡುವ ಪ್ರತಿ ಹೊರೆ ಸೌದೆಗೂ ಸುಂಕ ಹಾಕೋಣವೆಂದ. ಒಳ್ಳೆಯ ಯೋಚನೆಯೇ, ಇಲ್ಲವೆನ್ನಲಾರೆ. ಯಾರಿಗೆ ಎಷ್ಟು ಪೆಟ್ಟು ಬಿದ್ದೀತೆಂದು ನೋಡಲು ಒಬ್ಬ ಗಣಿತಜ್ಞನನ್ನು ಕರೆಸಿದ. ಅವನು ಆಸ್ಥಾನದಲ್ಲಿ ದೊಡ್ಡ ಹಲಗೆಯ ಮೇಲೆ ಊರನ್ನೇ ಬರೆದ. ಇಟ್ಟಿಗೆ ಗೂಡಿಗೊಂದು ಕಲ್ಲು, ಮನೆಗೊಂದು ಜೋಳದ ಕಾಳು. ಹೆಚ್ಚು ಸೌದೆ ಸುಡುವ ಮನೆಯೇ ಸಿರಿವಂತರ ಮನೆ ಎಂದು ಸೂತ್ರ ಕಟ್ಟಿದ. ಕಾಳುಗಳನ್ನು ಸರಿಸಿ ಸರಿಸಿ, “ಪ್ರಭು, ಭಾರವೆಲ್ಲ ಸಿರಿವಂತರ ಮೇಲೆಯೇ ಬೀಳುತ್ತದೆ. ಎಲ್ಲರಿಗಿಂತ ದೊಡ್ಡ ಸಿರಿವಂತೆ ಕೆರೆಯ ಪಕ್ಕದ ಈ ಮನೆಯವಳು” ಎಂದ.

ಅದು ಒಬ್ಬ ಮಡಿವಾಳಗಿತ್ತಿಯ ಮನೆ. ಊರಿನ ಬಟ್ಟೆಯನ್ನೆಲ್ಲ ಚೌಳು ಮಣ್ಣಿನಲ್ಲಿ ನೆನೆಸಿ, ದೊಡ್ಡ ಹರವಿಯಲ್ಲಿ ಉಬ್ಬೆ ಹಾಕಿ ಬೇಯಿಸುವವಳು ಅವಳೊಬ್ಬಳೇ. ಭಟರು ಹೋಗಿ, ಸುಂಕ ಕೊಡು, ಇಲ್ಲವೇ ಒಲೆ ಆರಿಸು ಎಂದರು. ಕೊಟ್ಟರೆ ಮನೆಯಲ್ಲಿ ಹಿಟ್ಟಿಲ್ಲ, ಆರಿಸಿದರೆ ಕಸುಬಿಲ್ಲ.

“ನಾನು ಸಿರಿವಂತಳಾ? ಬನ್ರಪ್ಪ, ಗಂಟು ಎಲ್ಲಿ ಹೂತಿಟ್ಟಿದ್ದೀನಿ ಅಂತ ನೀವೇ ತೋರಿಸಿಬಿಡಿ!” ಎಂದು ನಕ್ಕಳು. ತಾನೇ ಒಲೆಗೆ ನೀರು ಸುರಿದಳು. ಕೊಳೆ ಬಟ್ಟೆಯನ್ನೆಲ್ಲ ಕತ್ತೆಗೆ ಹೇರಿ ನೇರ ಆಸ್ಥಾನಕ್ಕೆ ನಡೆದು, ಗಣಿತಜ್ಞನ ಹಲಗೆಯ ಮೇಲೆಯೇ ಗಂಟು ಬಿಚ್ಚಿದಳು. ಕಾಳುಗಳು ಚೆಲ್ಲಾಪಿಲ್ಲಿಯಾದವು.

“ಏನಿದು ಸೊಕ್ಕು?” ಎಂದ ಅರಸ.

“ಹೊಗೆ ತಂದಿದ್ದೀನಿ ಬುದ್ಧೀ. ಯಾರದ್ದು ಅವರಿಗೆ ಕೊಟ್ಟು ಹೋಗ್ತೀನಿ.”

ಪ್ರತಿ ಬಟ್ಟೆಯ ಅಂಚಿನಲ್ಲೂ ಮನೆಗೊಂದರಂತೆ ಅವಳು ಕರಿಗೇರಿನ ರಸದಲ್ಲಿ ಹಾಕಿದ ಗುರುತಿತ್ತು. ಅದನ್ನು ನೋಡಿ ಒಂದೊಂದೇ ಎಸೆದಳು. ಇದು ದಳವಾಯಿಗಳದ್ದು. ಇದು ಪುರೋಹಿತರದ್ದು. ಈ ಹನ್ನೆರಡು ಪಂಚೆ, ನನ್ನನ್ನು ಸಿರಿವಂತೆ ಮಾಡಿದ ಅಯ್ಯನವರದ್ದು. ಅರಮನೆಯ ರಾಶಿ ಅರಸನ ಮೊಣಕಾಲು ಮುಟ್ಟಿತು. ಕೊನೆಗೆ ಅವಳ ಕೈಯಲ್ಲಿ ಒಂದೇ ಒಂದು ಸೀರೆ ಉಳಿಯಿತು.

“ಇದು ನನ್ನದು. ಇದರ ಸುಂಕ ಎಷ್ಟು ಹೇಳಿ, ಈಗಲೇ ಕೊಡ್ತೀನಿ.”

ಅರಸ ಸುಂಕವನ್ನು ಕೈಬಿಡಲಿಲ್ಲ. ಆದರೆ ಅಂದಿನಿಂದ ಉಬ್ಬೆಯ ಸೌದೆಯ ಸುಂಕವನ್ನು ಗುರುತು ನೋಡಿ ಆಯಾ ಮನೆಯಿಂದಲೇ ವಸೂಲು ಮಾಡಿಸಿದ. ಮಡಿವಾಳಗಿತ್ತಿ ಮತ್ತೆ ಒಲೆ ಹಚ್ಚಿದಳು.

ಶಿಷ್ಯ ನಕ್ಕುಬಿಟ್ಟ. “ಎಂಥ ಜನ ಗುರುಗಳೇ! ಸದ್ಯ, ನಾನಂತೂ ಒಂದು ಕಡ್ಡಿಯನ್ನೂ ಸುಡುವವನಲ್ಲ.”

“ನಿನ್ನ ಪಂಚೆ ಬಹಳ ಬೆಳ್ಳಗಿದೆಯಪ್ಪ” ಎಂದರು ಗುರುಗಳು.