ಗಿಡ್ಡ ಬಕ ಕತ್ತು ಮಡಿಸಿ ಕೂರುವುದೇಕೆ

ಲೋಕ ಆಗ ಇನ್ನೂ ಹೊಸದು. ಬೆಟ್ಟದ ಮೇಲೆ ಹುಲ್ಲು ಈಗಷ್ಟೇ ಬೇರು ಬಿಡುತ್ತಿತ್ತು. ಹೊಳೆಗೆ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಸಿಕ್ಕವರನ್ನೆಲ್ಲ ಕೇಳಿಕೊಂಡು ಹರಿಯುತ್ತಿತ್ತು.

ನೀರಿನೊಳಗಿನವರೂ ನೀರಿನ ಹೊರಗಿನವರೂ ಆಗ ಮಾತಾಡಿಕೊಳ್ಳುತ್ತಿದ್ದರು. ಸಂಜೆಯಾದರೆ ಹೊಳೆಯ ಮಡುವಿನ ತಳದಿಂದ ಮೀನುಗಳು ಕೂಗಿ ದಡದವರ ಸುದ್ದಿ ಕೇಳುತ್ತಿದ್ದವು. ಎಂಥ ಸಂಜೆಗಳು ಅವು!

ದಡದ ಅತ್ತಿಮರದಲ್ಲಿ ಬಕಕ್ಕ ಎಂಬ ಹಕ್ಕಿ ಗೂಡು ಕಟ್ಟಿದ್ದಳು. ಅವಳನ್ನು ಗಿಡ್ಡ ಎಂದು ಆಗ ಯಾರೂ ಅನ್ನುತ್ತಿರಲಿಲ್ಲ. ಅವಳ ಕತ್ತು ಜೊಂಡಿನ ಕಡ್ಡಿಯ ಹಾಗೆ ನೆಟ್ಟಗೆ, ಉದ್ದಕ್ಕೆ ಇತ್ತು. ಮಿಡತೆ ತಿಂದುಕೊಂಡು, ತಲೆ ಎತ್ತಿ ನಡೆಯುತ್ತಿದ್ದಳು.

ಮಡುವಿನಲ್ಲಿ ಒಂದು ಗೆಂಡೆ ಮೀನಿತ್ತು. ಬಾಯಿ ಸುಮ್ಮನಿರದ ಮೀನು. ದಿನವೂ ಅದೇ ಮೊದಲು ಕೂಗುತ್ತಿತ್ತು.

"ಬಕಕ್ಕಾ, ಹೇಗೂ ಅಷ್ಟೆತ್ತರ ಇದ್ದೀಯಲ್ಲ, ಮೋಡ ಮುಟ್ಟಿ ನೋಡು. ಒದ್ದೆ ಇದೆಯಾ?"

"ಒದ್ದೆ ಇಲ್ಲ ಕಣೋ, ಮಾತಾಡಿ ಮಾತಾಡಿ ಒಣಗಿದ ನಿನ್ನ ನಾಲಿಗೆಯ ಹಾಗೇ ಇದೆ!"

ಮಡುವೆಲ್ಲ ನಗುತ್ತಿತ್ತು. ಅವಳೂ ನಗುತ್ತಿದ್ದಳು.

ಆ ವರ್ಷ ಬೇಸಿಗೆ ಬಂತು. ಹುಲ್ಲು ಸುಟ್ಟುಹೋಯಿತು. ಹುಲ್ಲಿನ ಜೊತೆ ಮಿಡತೆಗಳೂ ಹೋದವು. ಗೂಡಿನಲ್ಲಿದ್ದ ಒಂದೇ ಮರಿ, "ಅಮ್ಮಾ, ಹಸಿವು" ಎಂದಿತು. ಮರುದಿನ "ಅಮ್ಮಾ" ಎಂದಷ್ಟೇ ಅಂದಿತು.

ಉಳಿದದ್ದು ಮೀನು. ಮೀನನ್ನು ತಿನ್ನುವುದು ತಪ್ಪೆಂದು ಆಗ ಯಾರೂ ಹೇಳಿರಲಿಲ್ಲ. ಸರಿಯೆಂದೂ ಹೇಳಿರಲಿಲ್ಲ. ಆದರೆ ಮೀನು ತಳದಲ್ಲಿತ್ತು. ಅದು ಮೇಲೆ ಬರಬೇಕಾದರೆ ನೀರಿನ ಮೇಲೆ ಏನನ್ನಾದರೂ ತೇಲಿಬಿಡಬೇಕು. ಏನನ್ನು?

ಬಕಕ್ಕ ನವಿಲಣ್ಣನನ್ನು ಕೇಳಿದಳು.

"ಇದೂ ಒಂದು ಪ್ರಶ್ನೆಯೇನಮ್ಮಾ?" ಎಂದಿತು ನವಿಲು. "ಬಣ್ಣ ಇಲ್ಲದಿದ್ದರೆ ಯಾರು ತಿರುಗಿ ನೋಡ್ತಾರೆ? ತಗೋ, ನನ್ನದೇ ಒಂದು ಗರಿ."

ಅವಳು ನವಿಲುಗರಿಯನ್ನು ತೇಲಿಬಿಟ್ಟಳು. ಸಾಲದೆಂದು ಕೆಂಪನೆಯ ಮುತ್ತುಗದ ಹೂವನ್ನೂ ಬಿಟ್ಟಳು. ಮೇಲಿಂದ ನೋಡಿದರೆ ಎಷ್ಟು ಚೆಂದ! ತಾನು ಮೀನಾಗಿದ್ದರೆ ಖಂಡಿತ ಓಡಿ ಬರುತ್ತಿದ್ದೆ ಅನ್ನಿಸಿತು.

"ಏನಕ್ಕಾ, ಮನೇಲಿ ಹಬ್ಬಾನಾ?" ಎಂದಿತು ಗೆಂಡೆ ತಳದಿಂದ. "ನಮ್ಮ ತಲೆ ಮೇಲೆ ಚಪ್ಪರ ಹಾಕ್ತಾ ಇದ್ದೀಯಲ್ಲ!"

ಮಡುವೆಲ್ಲ ನಕ್ಕಿತು. ಬಕಕ್ಕನಿಗೆ ಆವತ್ತು ನಗು ಬರಲಿಲ್ಲ. ಗೂಡಿನಲ್ಲಿ ಮರಿ ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ.

ಅವಳು ನೀರಿನಂಚಿಗೆ ಹೋಗಿ ಹೊಳೆಯನ್ನು ಕೇಳಿದಳು. "ಅವ್ವಾ, ಎಷ್ಟು ಒಳ್ಳೆಯದನ್ನು ಆರಿಸಿದೆ. ಮೀನುಗಳು ಯಾಕೆ ಬರಲೊಲ್ಲವು?"

"ಯಾರಿಗೆ ಒಳ್ಳೆಯದು ಮಗಳೇ?" ಎಂದಿತು ಹೊಳೆ. "ಆರಿಸಿದ್ದು ನಿನ್ನ ಕಣ್ಣು. ನೋಡಬೇಕಾದ್ದು ಅವುಗಳ ಕಣ್ಣು. ಬಗ್ಗು."

ಬಕಕ್ಕ ಬಗ್ಗಿದಳು.

"ಇನ್ನೂ ಬಗ್ಗು."

ಅವಳು ಅತ್ತಿಯ ಬೇರಿನ ಮೇಲೆ ಕೂತು, ಉದ್ದನೆಯ ಕತ್ತನ್ನು ಮಡಿಸಿ ಮಡಿಸಿ, ತಲೆಯನ್ನು ನೀರಿನೊಳಗೆ ಇಳಿಸಿ, ಅಲ್ಲಿಂದ ಮೇಲಕ್ಕೆ ನೋಡಿದಳು.

ಮೇಲೆ ಬರೀ ಬೆಳಕಿತ್ತು. ಆ ಬೆಳಕಿನಲ್ಲಿ ಕೆಂಪು ಹೂವು ಕಪ್ಪಾಗಿತ್ತು. ನವಿಲುಗರಿಯೂ ಕಪ್ಪಾಗಿ, ಮರದ ಕೊಂಬೆ ಬಿದ್ದ ಹಾಗೆ ಅಡ್ಡಡ್ಡ ಮಲಗಿತ್ತು. ಅಷ್ಟರಲ್ಲಿ ಅತ್ತಿಮರದಿಂದ ಒಂದು ಇರುವೆ ನೀರಿಗೆ ಬಿತ್ತು. ಅದೂ ಕಪ್ಪೇ. ಆದರೆ ಅದು ನಡುಗುತ್ತಿತ್ತು. ಅದರ ಸುತ್ತ ಸಣ್ಣ ಉಂಗುರಗಳು ಏಳುತ್ತಿದ್ದವು. ಒಂದು ಮರಿಮೀನು ಸರ್ರನೆ ಬಂದು ಅದನ್ನು ನುಂಗಿ ಹೋಯಿತು.

ಬಕಕ್ಕ ತಲೆ ಮೇಲೆತ್ತಿದಳು. ತನ್ನ ಎದೆಯಿಂದ ಉಗುರಿನಷ್ಟು ಚಿಕ್ಕ ಬೂದುಗರಿಯನ್ನು ಕಿತ್ತು ನೀರಿನ ಮೇಲಿಟ್ಟಳು. ಯಾರೂ ತಿರುಗಿ ನೋಡದಂಥ ಗರಿ.

"ಗಾಳಿಯಪ್ಪಾ," ಎಂದಳು ಮೆಲ್ಲಗೆ, "ಸ್ವಲ್ಪ ಊದು. ಜೋರಾಗಿ ಬೇಡ."

ಗಾಳಿ ಊದಿತು. ಗರಿ ನಡುಗಿತು. ಉಂಗುರಗಳು ಎದ್ದವು.

ತಳದಿಂದ ಒಂದು ನೆರಳು ಮೇಲೆ ಬಂತು. ಮಡಿಸಿದ ಕತ್ತು ಬಾಣದಂತೆ ನೆಗೆಯಿತು. ಮೀನು ಕೊಕ್ಕಿಗೆ ಸಿಕ್ಕಿತು. ಅವಳು ಹಾರಿ ಹೋಗಿ ಅದನ್ನು ಮರಿಯ ಬಾಯಿಗಿಟ್ಟಳು. ಮರಿ ನುಂಗಿತು. ಕಣ್ಣು ಬಿಟ್ಟಿತು. "ಅಮ್ಮಾ, ಇನ್ನೂ" ಎಂದಿತು.

ಬಕಕ್ಕನಿಗೆ ಜೀವ ಬಂದ ಹಾಗಾಯಿತು. ಹೇಳಿಕೊಳ್ಳಬೇಕು ಅನ್ನಿಸಿತು. ಮಡುವಿನ ಅಂಚಿಗೆ ಬಂದು ಕರೆದಳು. "ಗೆಂಡೇ, ಏ ಗೆಂಡೇ, ನನ್ನ ಮರಿ ಬದುಕಿತು ಕಣೋ!"

ಉತ್ತರ ಬರಲಿಲ್ಲ.

ದಿನವೂ ಮೊದಲು ಕೂಗುತ್ತಿದ್ದವನು, ಆವತ್ತು ಗರಿಯ ಹತ್ತಿರಕ್ಕೂ ಮೊದಲು ಬಂದಿದ್ದ.

ಮಡುವಿನಲ್ಲಿ ಯಾರೂ ನಗಲಿಲ್ಲ. ಮರುದಿನ ಸಂಜೆಯೂ ಇಲ್ಲ. ಮೀನುಗಳು ಆಮೇಲೆ ದಡದವರ ಜೊತೆ ಮಾತಾಡಲೇ ಇಲ್ಲ.

ಬೇಸಿಗೆ ಕಳೆಯಿತು. ಮಳೆ ಸುರಿದು ಹೊಳೆಯಲ್ಲಿ ಕೆಸರಿನ ಕೆನ್ನೀರು ಬಂದಾಗ ಚಿಕ್ಕ ಗರಿ ಕಾಣುವುದಿಲ್ಲ, ದೊಡ್ಡ ಎಲೆಚೂರು ಬೇಕು ಎಂದು ಬಕಕ್ಕ ಕಲಿತಳು. ನೀರು ತಿಳಿಯಾದಾಗ ಮತ್ತೆ ಚಿಕ್ಕದನ್ನೇ ಆರಿಸಿದಳು. ಮರಿ ಬೆಳೆದು ದೊಡ್ಡದಾಯಿತು. ದಿನವೂ ಹಾಗೆ ಕೂತು ಕೂತು ಬಕಕ್ಕನ ಕತ್ತು ಮಡಿಸಿಯೇ ಉಳಿದಿತ್ತು.

"ಮಗಳೇ, ಕತ್ತು ಮಡಿಸಿದ್ದು ಸಾಕು," ಎಂದಿತು ಹೊಳೆ ಒಂದು ದಿನ. "ಮೊದಲಿನ ಹಾಗೆ ನೆಟ್ಟಗೆ ಮಾಡಿಕೊಡಲಾ?"

ಬಕಕ್ಕ ಮಡುವಿನ ಕಡೆ ನೋಡಿದಳು. "ಬೇಡ ಅವ್ವಾ. ಮೇಲೆ ನಿಂತರೆ ನೀರಿನೊಳಗಿನವರು ಕಾಣುವುದಿಲ್ಲ."

ಅದಕ್ಕೇ ಮಗೂ, ಇವತ್ತಿಗೂ ಗಿಡ್ಡ ಬಕ ಹೊಳೆಯಂಚಿನ ಬೇರಿನ ಮೇಲೆ ಕತ್ತನ್ನು ಹೆಗಲೊಳಗೆ ಎಳೆದುಕೊಂಡು, ಒಂದು ಪುಟ್ಟ ಗರಿಯನ್ನು ನೀರಿಗೆ ಬಿಟ್ಟು ಕೂರುತ್ತದೆ. ಹೊಟ್ಟೆ ತುಂಬಿದ ಮೇಲೂ ಎದ್ದು ಹೋಗದೆ, ನೀರಿನ ಕಡೆ ಕಿವಿಗೊಟ್ಟು ಇನ್ನಷ್ಟು ಹೊತ್ತು ಹಾಗೇ ಇರುತ್ತದೆ.